ಒಂದೇ ಪೈಪು, ಎರಡು ಸಂಸಾರ

ಪ್ರಶ್ನೆ: ಅಕ್ಕಾವ್ರೆ, ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಎರೆಮಣ್ಣಿನ ಮಡಿ ಇದೆ. ಬದನೆ, ಬೆಂಡೆ, ಹೀರೆಬಳ್ಳಿ, ಒಂದಿಷ್ಟು ಪುಂಡಿಪಲ್ಯ ಹಚ್ಚಿದ್ದೇನೆ. ಮಾಳಿಗೆಯ ಮೇಲೆ ಶಹಾಬಾದ್ ಕಲ್ಲಿನ ನೆಲ. ಅಲ್ಲಿ 15 ಕುಂಡಗಳಲ್ಲಿ ಟೊಮೆಟೊ, ಮೆಣಸಿನಗಿಡ, ಕೊತ್ತಂಬರಿ ಇವೆ. ಶರಣಬಸವೇಶ್ವರ ಜಾತ್ರೆಯ ತನಕ ಎಲ್ಲ ಚೆನ್ನಾಗಿತ್ತು. ಯುಗಾದಿ ಮುಗಿದ ಮೇಲೆ ದಿನಕ್ಕೊಂದು ತಕರಾರು. ಬದನೆಯ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿವೆ. ಟೊಮೆಟೊ ಹೂವು ನಿಲ್ಲುತ್ತಿಲ್ಲ. ನಿಂತ ನಾಲ್ಕು ಕಾಯಿಯ ಬುಡವೂ ಕಪ್ಪಾಗಿದೆ. ಮಧ್ಯಾಹ್ನ ನೋಡಿದರೆ ಎಲ್ಲ ಗಿಡಗಳೂ ತಲೆ ಬಾಗಿಸಿರುತ್ತವೆ.

ನೀರಿಗೇನೂ ಕಡಿಮೆ ಮಾಡಿಲ್ಲ. ದಿನಾ ಸಂಜೆ ಬೋರಿನ ಪೈಪು ಹಿಡಿದು ಅರ್ಧ ಗಂಟೆ ನಿಲ್ಲುತ್ತೇನೆ. ಮಡಿಗೆ 20 ನಿಮಿಷ, ಕುಂಡಗಳಿಗೆ 10 ನಿಮಿಷ. ಬೋರಿನ ನೀರು ಸ್ವಲ್ಪ ಸವಳು. ನಳದ ಸಿಹಿನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಅದು ಕುಡಿಯಲು ಮತ್ತು ಅಡುಗೆಗೆ. ನಮ್ಮ ಅತ್ತೆಯವರು ನನಗೆ ಹೇಳದೆ ಬೆಳಿಗ್ಗೆ ಬದನೆಗೆ ಎರಡು ಕೊಡ ಸುರಿಯುತ್ತಾರೆಂದು ಮೊನ್ನೆ ಗೊತ್ತಾಯಿತು. ಮಧ್ಯಾಹ್ನ ನಾನು ತಂಬಿಗೆ ಎತ್ತಿದರೆ, "ಹೊತ್ತೇರಿದಾಗ ನೀರು ಹಾಕಬ್ಯಾಡ, ಗಿಡ ಕುದ್ದು ಸಾಯ್ತದ" ಎನ್ನುತ್ತಾರೆ. ಪಕ್ಕದ ಮನೆಯವರು ಟೊಮೆಟೊ ಬುಡಕ್ಕೆ ಎಲೆಯಡಿಕೆಯ ಸುಣ್ಣ ಕಲಸಿ ಹಾಕಿ ಎಂದರು. ನಮ್ಮ ಮನೆಯವರು, ಓಣಿಯ ಜನ ಟ್ಯಾಂಕರಿಗೆ ಕಾಯುವಾಗ ನೀನು ನಾಲ್ಕು ಬದನೆಕಾಯಿಗಾಗಿ ಬೋರು ಬತ್ತಿಸುತ್ತೀ ಎಂದು ಬೈದರು. ಆ ಮಾತು ಮನಸ್ಸಿಗೆ ನಾಟಿದೆ. ಯಾರ ಮಾತು ಕೇಳಲಿ? ತೋಟವನ್ನೇ ಬಿಟ್ಟುಬಿಡಲೇ?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ "ಅರ್ಧ ಗಂಟೆ" ಎಂಬಲ್ಲಿ ನಿಂತೆ. ಮಣ್ಣು ಅಗೆದು ನೋಡದೆ ಖಚಿತವಾಗಿ ಹೇಳಲಾರೆ. ಆದರೂ ನನ್ನ ಅನುಮಾನ ಇದು: ನಿಮ್ಮ ಮಡಿಗೆ ನೀರು ಹೆಚ್ಚಾಗಿದೆ, ಕುಂಡಗಳಿಗೆ ನೀರು ಸಾಲುತ್ತಿಲ್ಲ. ಒಂದೇ ಮನೆ, ಒಂದೇ ಪೈಪು, ಒಂದೇ ಹೊತ್ತು. ಆದರೆ ಕೆಳಗಿನದು ಒಂದು ಸಂಸಾರ, ಮೇಲಿನದು ಇನ್ನೊಂದು. ಕಣಜ ತುಂಬಿದ ಮನೆಗೂ ದಿನದ ಸಂಬಳದ ಮೇಲೆ ನಡೆಯುವ ಮನೆಗೂ ಒಂದೇ ಲೆಕ್ಕ ಹಾಕಿದಂತಾಗಿದೆ.

ಇವತ್ತು ಸಂಜೆ ಮಡಿಗೆ ನೀರು ಹಾಕಬೇಡಿ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಖುರ್ಪಿ ಹಿಡಿದು ಬದನೆಯ ಸಾಲಿನ ಪಕ್ಕ, ಬುಡದಿಂದ ಒಂದು ಗೇಣು ದೂರದಲ್ಲಿ, ಆರು ಇಂಚು ಅಗೆಯಿರಿ. ಆ ಆಳದ ಮಣ್ಣನ್ನು ಒಂದು ಹಿಡಿ ತೆಗೆದು ಒತ್ತಿ. ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಒಡೆದರೆ ಹದವಾಗಿದೆ. ಉಂಡೆಯೇ ಆಗದೆ ಹೆಂಟೆಯಾಗಿ ಉದುರಿದರೆ ಒಣಗಿದೆ. ಸೆಗಣಿಯಂತೆ ಅಂಗೈಗೆ ಮೆತ್ತಿಕೊಂಡು, ಮೂಗಿಗೆ ಹಿಡಿದರೆ ಹುಳಿತ ವಾಸನೆ ಬಂದರೆ ಬೇರು ಉಸಿರು ಕಟ್ಟಿ ಕೂತಿದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದಲೇ ತುಂಬಿದರೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ನೀರಿನಲ್ಲಿ ನಿಂತ ಗಿಡವೂ ಬಾಯಾರಿದ ಗಿಡದ ಹಾಗೇ ಬಾಡುತ್ತದೆ. ಅದನ್ನು ಕಂಡು ನಾವು ಇನ್ನೆರಡು ಕೊಡ ಸುರಿಯುತ್ತೇವೆ.

ನಾನೂ ಸುರಿದವಳೇ. ಮಲೆನಾಡಿನಿಂದ ಮದುವೆಯಾಗಿ ರಾಯಚೂರು ಸೀಮೆಗೆ ಬಂದ ಮೊದಲ ಬೇಸಿಗೆಯಲ್ಲಿ, ಬಿರಿದ ನೆಲ ಕಂಡು ಕರುಳು ಚುರ್ ಎಂದು ದಿನಕ್ಕೆರಡು ಹೊತ್ತು ನೀರು ಕೊಟ್ಟೆ. ಹತ್ತು ಬದನೆ ಸಸಿಗಳಲ್ಲಿ ಏಳು ಸತ್ತವು. ಸತ್ತ ಗಿಡ ಕಿತ್ತಾಗ ಬೇರು ಕಪ್ಪಗೆ, ಲೋಳೆಯಾಗಿ ಕೈಗೆ ಬಂತು. ಎರೆಮಣ್ಣು ಮೇಲೆ ತೋರಿಸುವ ಮುಖವೇ ಬೇರೆ, ಒಳಗಿನ ಸ್ಥಿತಿಯೇ ಬೇರೆ ಎಂದು ಗೊತ್ತಾದದ್ದು ಆವತ್ತು. ಸಂಜೆ ನೆನೆಸಿದ ಎರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಮೇಲ್ಗಡೆ ಒಂದಿಂಚು ಒಣಗಿ ಬಿರಿಯುತ್ತದೆ. ಕೆಳಗೆ ಹಸಿ ಹಾಗೆಯೇ ಕೂತಿರುತ್ತದೆ.

ಇನ್ನು ಲೆಕ್ಕಕ್ಕೆ ಬನ್ನಿ. ಪೈಪನ್ನು ಒಂದು ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಿ. 15 ಲೀಟರಿನ ಬಕೆಟ್ಟು ಒಂದು ನಿಮಿಷಕ್ಕೆ ತುಂಬಿತು ಎಂದುಕೊಳ್ಳೋಣ. ಮಡಿಗೆ 20 ನಿಮಿಷ ಹಿಡಿದರೆ 300 ಲೀಟರ್. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ, ಎಲೆ ತುಂಬಿ ನಿಂತ ತರಕಾರಿ ಮಡಿಯ ಒಂದು ಚದರ ಮೀಟರಿಗೆ ದಿನಕ್ಕೆ ಖರ್ಚಾಗುವುದು ಸುಮಾರು 6ರಿಂದ 8 ಲೀಟರ್. ಗಿಡ ಕುಡಿದದ್ದು, ಮಣ್ಣಿನಿಂದ ಆವಿಯಾದದ್ದು ಎರಡೂ ಇದರಲ್ಲಿ ಸೇರಿವೆ. ನಿಮ್ಮ ಮಡಿ ಸುಮಾರು 11 ಚದರ ಮೀಟರ್. ಅಂದರೆ ದಿನಕ್ಕೆ 75 ಲೀಟರಿನ ಆಸುಪಾಸು. ನೀವು ಒಂದು ಸಂಜೆ ಕೊಡುತ್ತಿರುವುದು ಆ ಮಡಿಯ ನಾಲ್ಕು ದಿನದ ಊಟ. ಅದರ ಮೇಲೆ ಅತ್ತೆಯವರ ಎರಡು ಕೊಡ ಬೇರೆ!

ನಾಲ್ಕು ದಿನದ್ದನ್ನು ಒಮ್ಮೆಲೇ ಕೊಟ್ಟರೆ ಮಣ್ಣು ಇಟ್ಟುಕೊಳ್ಳುತ್ತದೆಯೇ ಎಂದು ಕೇಳಬಹುದು. ಎರೆಯ ದೊಡ್ಡ ಗುಣವೇ ಅದು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ, ಆಮೇಲೆ ಮಳೆ ಹೆಚ್ಚು ಕಾಣದೆಯೂ ತೆನೆ ಕಟ್ಟುವುದು ಈ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ. ಒಂದಡಿ ಆಳದ ಒಳ್ಳೆಯ ಎರೆ, ಒಂದು ಚದರ ಮೀಟರಿನಲ್ಲಿ ಸುಮಾರು 45ರಿಂದ 60 ಲೀಟರ್ ನೀರನ್ನು ಬೇರಿಗೆ ಎಟುಕುವಂತೆ ಇಟ್ಟುಕೊಳ್ಳುತ್ತದೆ. ನಿಮ್ಮ ಇಡೀ ಮಡಿಗೆ ಲೆಕ್ಕ ಹಾಕಿದರೆ 500 ಲೀಟರಿನ ತೊಟ್ಟಿಯೊಂದು ನೆಲದೊಳಗೇ ಇದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಖಾಲಿಯಾದಾಗ ಮತ್ತೆ ತುಂಬಿದರೆ ಸಾಕು.

ಹಾಗಾಗಿ ಮೊದಲು ಮಡಿಯನ್ನು ನಾಲ್ಕೈದು ದಿನ ಹಾಗೇ ಬಿಡಿ. ಅಗೆದಾಗ ಉಂಡೆ ಹದಕ್ಕೆ ಬಂದ ಮೇಲೆ, ನಾಲ್ಕು ದಿನಕ್ಕೊಮ್ಮೆ 300 ಲೀಟರ್ ಕೊಡಿ, ಅಂದರೆ 15 ಲೀಟರಿನ 20 ಕೊಡ. ನೀವು ಈಗ ಕೊಡುತ್ತಿರುವ ಅದೇ 20 ನಿಮಿಷದ ನೀರು, ನಡುವೆ ಮೂರು ದಿನ ರಜೆ. "ನಾಲ್ಕು ದಿನ" ಎಂಬುದನ್ನು ಪಂಚಾಂಗದ ಹಾಗೆ ಹಿಡಿಯಬೇಡಿ. ಬಿಸಿಗಾಳಿ ಬೀಸುವ ವಾರ ಮೂರೇ ದಿನಕ್ಕೆ ಬೇಕಾದೀತು, ಮೋಡ ಕವಿದ ವಾರ ಆರಕ್ಕೂ ಬೇಡವಾದೀತು. ಅಗೆದ ಮಣ್ಣು ಏನು ಹೇಳುತ್ತದೋ ಅದೇ ತೀರ್ಪು.

ಕೊಡುವ ರೀತಿಯೂ ಬದಲಾಗಲಿ. ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಎಲೆಗಳ ಮೇಲೆ ಚಿಮ್ಮಿಸಿದರೆ ಕಣ್ಣಿಗೆ ತಂಪು, ಬೇರಿಗೆ ಏನೂ ಇಲ್ಲ. ಸವಳು ನೀರಾದರೆ ಎಲೆಯ ಮೇಲೆ ಉಪ್ಪು ಕೂತು ಅಂಚು ಸುಡುತ್ತದೆ. ಸಾಲುಗಳ ನಡುವೆ ಒಂದು ಗೇಣು ಅಗಲದ ಸಣ್ಣ ಕಾಲುವೆ ತೋಡಿ. ಪೈಪಿನ ಬಾಯಿಗೆ ಹಳೆಯ ಬಟ್ಟೆ ಸುತ್ತಿ ಅದರೊಳಗೆ ಇಟ್ಟು, ನಲ್ಲಿಯನ್ನು ಸಣ್ಣಗೆ ಬಿಡಿ. ಒಣ ಎರೆ ಮೊದಲು ಬಿರುಕುಗಳಿಂದ ಗಟಗಟನೆ ಕುಡಿಯುತ್ತದೆ. ಆಮೇಲೆ ಉಬ್ಬಿ ಬಿರುಕು ಮುಚ್ಚಿಕೊಂಡು ನೀರನ್ನು ಬಲು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಅದಕ್ಕೇ ಅರ್ಧ ನೀರು ಈಗ, ಒಂದು ತಾಸು ಬಿಟ್ಟು ಉಳಿದರ್ಧ. ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಈ ಕೆಲಸ ಮುಗಿದರೆ ಒಳ್ಳೆಯದು. ಮಣ್ಣು ರಾತ್ರಿಯಿಡೀ ತಣಿದಿರುತ್ತದೆ, ಗಾಳಿ ಕಡಿಮೆ ಇರುತ್ತದೆ, ಬಿಸಿಲೇರುವ ಹೊತ್ತಿಗೆ ಗಿಡ ಹೊಟ್ಟೆ ತುಂಬಿಸಿಕೊಂಡಿರುತ್ತದೆ.

ನೀರು ಕೊಟ್ಟ ಮರುದಿನ, ಮೇಲ್ಮಣ್ಣು ಕಾಲಿಗೆ ಮೆತ್ತದಷ್ಟು ಆರಿದಾಗ, ಖುರ್ಪಿಯಿಂದ ಎರಡು ಇಂಚು ಕೆದಕಿ. ಹೊಲದಲ್ಲಿ ಎಡೆ ಹೊಡೆದು ಬಿರುಕು ಮುಚ್ಚುತ್ತಾರಲ್ಲ, ಹಿತ್ತಲಿಗೂ ಅದೇ ವಿದ್ಯೆ. ಬಿರುಕು ಎಂದರೆ ಬಾಗಿಲು ತೆರೆದಿಟ್ಟ ಹಾಗೆ. ಒಳಗಿನ ಹಸಿ ಅಲ್ಲಿಂದಲೇ ಹಾರಿಹೋಗುತ್ತದೆ, ಬೇರೂ ಹರಿಯುತ್ತದೆ. ಕೆದಕಿದ ಮೇಲೆ ಎರಡು-ಮೂರು ಇಂಚು ಹೊದಿಕೆ ಹಾಕಿ. ತೊಗರಿಯ ಕಣಜದಲ್ಲಿ ಕೂತವರಿಗೆ ಹೊದಿಕೆಗೆ ಬರವಿಲ್ಲ: ತೊಗರಿ ಹೊಟ್ಟು, ತುಂಡು ಮಾಡಿದ ಜೋಳದ ಕಣಿಕೆ, ಬೇವಿನ ಒಣ ಎಲೆ, ಯಾವುದಾದರೂ ಆದೀತು. ಕಾಂಡದಿಂದ ನಾಲ್ಕು ಬೆರಳು ದೂರವಿರಲಿ. ವಾರಕ್ಕೊಮ್ಮೆ ಎತ್ತಿ ನೋಡಿ. ಗೆದ್ದಲು ಹತ್ತಿದ್ದರೆ ಆ ಭಾಗ ತೆಗೆದು ಬದಲಿಸಿ. ಹೊದಿಕೆ ಹಾಕಿದ ಮೇಲೆ ನಾಲ್ಕು ದಿನ ಐದಾಗುವುದನ್ನು ನೀವೇ ಕಾಣುತ್ತೀರಿ.

ಇನ್ನು ಮಾಳಿಗೆಯ ಸಂಸಾರ. 12 ಇಂಚಿನ ಕುಂಡದಲ್ಲಿ ಗಿಡಕ್ಕೆ ದಕ್ಕುವ ನೀರು ಎರಡು-ಮೂರು ಲೀಟರ್, ಅಷ್ಟೇ. ಕಾಯಿ ಹಿಡಿದ ಟೊಮೆಟೊ ಗಿಡ ಬಿಸಿಲಿನ ಒಂದು ದಿನದಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಕುಡಿಯುತ್ತದೆ. ಜೊತೆಗೆ ಕೆಳಗೆ ಶಹಾಬಾದ್ ಕಲ್ಲು. ಬರಿಗಾಲಲ್ಲಿ ಮಧ್ಯಾಹ್ನ ನಿಮ್ಮ ಮಾಳಿಗೆಯ ಮೇಲೆ ಹೆಜ್ಜೆ ಇಡಲು ಆಗುತ್ತದೆಯೇ? ಆ ಕಾವಿನ ಮೇಲೆ ಬೇರು ದಿನವಿಡೀ ಕೂತಿರುತ್ತದೆ. ಹತ್ತು ನಿಮಿಷವನ್ನು 15 ಕುಂಡಗಳಿಗೆ ಹಂಚಿದರೆ ಒಂದಕ್ಕೆ 40 ಸೆಕೆಂಡು. ತಳದಿಂದ ನೀರು ಹರಿದದ್ದು ನೋಡಿ ಸಾಕಾಯಿತು ಎಂದು ಮುಂದೆ ಹೋಗಿರುತ್ತೀರಿ. ಅಲ್ಲೊಂದು ಮೋಸವಿದೆ. ಪೂರ್ತಿ ಒಣಗಿದ ಕುಂಡದ ಮಣ್ಣು ಕುಗ್ಗಿ ಅಂಚಿನಿಂದ ಸರಿದು ನಿಲ್ಲುತ್ತದೆ. ಸುರಿದ ನೀರು ಆ ಸಂದಿನಿಂದ ಜಾರಿ ತಳದ ತೂತಿನಿಂದ ಹೊರಬೀಳುತ್ತದೆ, ನಡುವಿನ ಮಣ್ಣು ಒಣಗಿದಂತೆಯೇ ಉಳಿಯುತ್ತದೆ. ಕುಂಡ ಎತ್ತಿ ನೋಡಿ, ಹಗುರವಾಗಿದ್ದರೆ ಇದೇ ಕತೆ. ಅಂಥದನ್ನು ನೀರಿನ ಬುಟ್ಟಿಯಲ್ಲಿ ಅರ್ಧ ತಾಸು ಕೂರಿಸಿ ತೆಗೆಯಿರಿ.

ಕುಂಡಗಳಿಗೆ ದಿನಾ ಬೆಳಿಗ್ಗೆ, ತಳದಿಂದ ನಿಧಾನವಾಗಿ ತೊಟ್ಟಿಕ್ಕುವ ತನಕ, ಎರಡು ಕಂತಿನಲ್ಲಿ ನೀರು ಕೊಡಿ. ಸಂಜೆ ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಇನ್ನೊಂದು ತಂಬಿಗೆ. ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ಒಂಟಿಯಾಗಿ ಹರಡಿಡದೆ ಒತ್ತೊತ್ತಾಗಿ, ಪಡುವಣ ಬಿಸಿಲು ತಪ್ಪುವಂತೆ ಗೋಡೆಯ ಮೂಡಲಿಗೆ ಜೋಡಿಸಿ. ಪ್ಲಾಸ್ಟಿಕ್ ಕುಂಡಗಳಿಗೆ ಗೋಣಿಚೀಲ ಸುತ್ತಿ. ಹಳೆಯ ತಿಳಿಬಣ್ಣದ ನೂಲಿನ ಸೀರೆಯನ್ನು ಹಗ್ಗಕ್ಕೆ ಕಟ್ಟಿ ಹನ್ನೊಂದರಿಂದ ನಾಲ್ಕರ ತನಕ ನೆರಳು ಮಾಡಿದರೆ, ಅಂಗಡಿಯ ಹಸಿರು ಬಲೆಗೆ ಕಾಯಬೇಕಿಲ್ಲ.

ಸವಳಿನ ವಿಷಯ ಕುಂಡದಲ್ಲೇ ಮೊದಲು ಕಾಣುವುದು. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅದೇ. ನಳದ ನೀರು ಬರುವ ದಿನ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನೆಲ್ಲ ಒಂದು ಕೊಡದಲ್ಲಿ ಕೂಡಿಸಿ, ಅದು ಕುಂಡಗಳ ಪಾಲು. ಏಸಿಯಿಂದ ತೊಟ್ಟಿಕ್ಕುವ ನೀರಿದ್ದರೆ ಅದರಲ್ಲಿ ಉಪ್ಪಿಲ್ಲ, ಅದೂ ಬರಲಿ. ಆರ್‌ಓ ಯಂತ್ರ ಹೊರಚೆಲ್ಲುವ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಮೂಲ ನೀರಿಗಿಂತ ಹೆಚ್ಚು. ಬಟ್ಟೆಪುಡಿಯ ನೀರೂ ಬೇಡ. ಅದರ ಸೋಡಿಯಂ ಎರೆಮಣ್ಣನ್ನು ಇನ್ನಷ್ಟು ಗಟ್ಟಿ ಮಾಡಿ ನೀರು ಇಂಗದ ಹಾಗೆ ಮಾಡುತ್ತದೆ. ಬೋರಿನ ನೀರನ್ನು ಒಮ್ಮೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಇ.ಸಿ. ಎಂಬ ಅಂಕಿ 0.7ರ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದ್ದರೆ ಆ ನೀರು ತರಕಾರಿಗೆ ಒಗ್ಗದು. ನಡುವೆ ಇದ್ದರೆ ಸಿಹಿನೀರು ಬೆರೆಸುತ್ತ ನಡೆಸಬಹುದು. ಆಗಲೂ ಬೀನ್ಸ್ ಹಚ್ಚಬೇಡಿ, ಅದಕ್ಕೆ ಉಪ್ಪು ತೀರಾ ಆಗದು.

ಈಗ ನಿಮ್ಮ ಟೊಮೆಟೊ ನ್ಯಾಯ. ಹೂವು ಉದುರುವುದಕ್ಕೆ ನೀರನ್ನು ದೂರಬೇಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 25ರ ಕೆಳಗಿಳಿಯದಿದ್ದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂವು ಕಾಯಿಗಟ್ಟದೆ ಬೀಳುತ್ತದೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ನೀವು ತುಪ್ಪವನ್ನೇ ಎರೆದರೂ ಹೂವು ನಿಲ್ಲದು.

ಕಾಯಿಯ ಬುಡ ಕಪ್ಪಾಗುವುದು ಮಾತ್ರ ನೀರಿಗೆ ಸಂಬಂಧಿಸಿದ್ದು. ಅದು ರೋಗವಲ್ಲ, ಕಾಯಿಯ ತುದಿಗೆ ಸುಣ್ಣದಂಶ ತಲುಪದ ಕೊರತೆ. ಪಕ್ಕದ ಮನೆಯವರು ಅಷ್ಟರ ಮಟ್ಟಿಗೆ ಸರಿ ಹೇಳಿದರು. ಆದರೆ ನಮ್ಮ ಎರೆಮಣ್ಣಿನಲ್ಲಿ ಸುಣ್ಣಕ್ಕೇನು ಬರ? ಅಗೆದರೆ ಬಿಳಿ ಸುಣ್ಣದ ಹರಳು ಕೈಗೆ ಸಿಗುತ್ತವೆ. ಸುಣ್ಣದಂಶ ಕಾಯಿಗೆ ಹೋಗುವುದು ನೀರಿನ ಬೆನ್ನೇರಿ. ಕುಂಡ ಒಂದು ದಿನ ಒಣಗಿ ಒಂದು ದಿನ ನೆನೆದರೆ ಆ ಸವಾರಿ ತಪ್ಪುತ್ತದೆ, ಸವಳು ಅದನ್ನು ಇನ್ನಷ್ಟು ಕೆಡಿಸುತ್ತದೆ. ಎಲೆಯಡಿಕೆಯ ಸುಣ್ಣ ಡಬ್ಬಿಯಲ್ಲೇ ಇರಲಿ. ಕೆಟ್ಟ ಕಾಯಿ ಕಿತ್ತು ಹಾಕಿ, ನೀರನ್ನು ಏಕಸಮ ಮಾಡಿ. ಆಮೇಲೆ ಕಟ್ಟುವ ಕಾಯಿ ಸರಿಹೋಗುತ್ತವೆ.

ಮಧ್ಯಾಹ್ನ ತಲೆ ಬಾಗಿಸುವ ಗಿಡ ಕಂಡು ಗಾಬರಿಯಾಗಬೇಡಿ. ಎರಡು ಗಂಟೆಯ ಬಿಸಿಲಿಗೆ ಎಲೆ ಬಿಡುವ ನೀರು, ಬೇರು ತರುವ ನೀರಿಗಿಂತ ಹೆಚ್ಚಾಗುತ್ತದೆ. ಗಿಡ ಎಲೆ ಇಳಿಬಿಟ್ಟು ಬಿಸಿಲಿಗೆ ಮೈ ತಪ್ಪಿಸುತ್ತದೆ. ಗಿಡದ ಯೋಗಕ್ಷೇಮ ಕೇಳಬೇಕಾದ್ದು ಬೆಳಿಗ್ಗೆ ಆರಕ್ಕೆ. ಆಗಲೂ ಬಾಡಿದ್ದರೆ ಮಣ್ಣು ಮುಟ್ಟಿ ನೋಡಿ: ಒಣಗಿದ್ದರೆ ನೀರು, ಹಸಿಯಿದ್ದರೆ ಬೇರಿನ ತೊಂದರೆ.

ಅತ್ತೆಯವರ ಮಾತಿಗೆ ಬರೋಣ. ಬಿಸಿಲಲ್ಲಿ ಎಲೆಯ ಮೇಲಿನ ನೀರಹನಿ ಭೂತಗನ್ನಡಿಯಂತೆ ಸುಡುತ್ತದೆ ಎಂದು ಹೇಳುವವರಿದ್ದಾರೆ. 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ನುಣುಪು ಎಲೆಯ ಮೇಲೆ ಕೂತ ಹನಿ ಹಾಗೆ ಸುಡುವುದಿಲ್ಲವೆಂದು ತೋರಿಸಿದರು. ಅತ್ತೆಯವರು ಹೇಳಿದ್ದು ಬೇರೆ: "ಕುದ್ದು ಸಾಯ್ತದ." ಮಾಳಿಗೆಯ ಕಪ್ಪು ಟ್ಯಾಂಕಿನ ನೀರು, ಬಿಸಿಲಲ್ಲಿ ಬಿದ್ದ ಪೈಪಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ಬುಡಕ್ಕೆ ಬಿಟ್ಟರೆ ಗಿಡ ಬೇಯುತ್ತದೆ, ಅವರ ಮಾತು ಸರಿಯೇ. ಆದರೆ ಕುಂಡದ ಮಣ್ಣು ಪೂರ್ತಿ ಒಣಗಿ ಗಿಡ ನೆಲಕ್ಕೊರಗಿದ್ದರೆ ಸಂಜೆಯ ತನಕ ಕಾಯಬೇಡಿ. ಮನೆಯೊಳಗಿನ ತಂಪು ನೀರನ್ನು ಎಲೆಗೆ ತಾಗಿಸದೆ ಬುಡಕ್ಕೆ ಹಾಕಿ, ಕುಂಡವನ್ನು ನೆರಳಿಗೆ ಸರಿಸಿ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ನಿಮ್ಮ ಯಜಮಾನರದು. ಓಣಿ ಟ್ಯಾಂಕರಿಗೆ ಕಾಯುವಾಗ ಹಿತ್ತಲಿಗೆ ನೀರು ಬಿಡುವುದು ಸರಿಯೇ? ಅವರ ಮಾತನ್ನು ತೆಗೆದುಹಾಕಬೇಡಿ. ಈವರೆಗೆ ಮಡಿಗೆ ನಾಲ್ಕು ದಿನಕ್ಕೆ 1200 ಲೀಟರ್ ಹೋಗುತ್ತಿತ್ತು, ಇನ್ನು 300. ಆ 300ನ್ನೂ ಇನ್ನಷ್ಟು ಇಳಿಸಬಹುದು. ನಮ್ಮ ಕಡೆಯ ರೈತ ಬೇಸಿಗೆಯಲ್ಲಿ ಹೊಲ ಉತ್ತು, ಬಿಸಿಲಿಗೆ ಬಿಟ್ಟು, ಮಿರಗದ ಮಳೆಗೆ ಕಾಯುತ್ತಾನೆ. ಅದು ಸೋಮಾರಿತನವಲ್ಲ. ನೀವೂ ಅರ್ಧ ಮಡಿಗೆ ರಜೆ ಕೊಡಿ. ಹಳದಿಯಾದ ಬದನೆಯಲ್ಲಿ ಚೇತರಿಸಿಕೊಳ್ಳದವನ್ನು ಕಿತ್ತು, ಆ ಜಾಗ ಕೆದಕಿ ಹೊಟ್ಟು ಹೊದಿಸಿ ಬಿಡಿ. ಉಳಿದರ್ಧದಲ್ಲಿ ಬಿಸಿಲಿಗೆ ಬಗ್ಗದವು ಇರಲಿ: ಬೆಂಡೆ, ಚವಳಿಕಾಯಿ, ಅಲಸಂದೆ, ಪುಂಡಿಪಲ್ಯ. ಆಗ ನಾಲ್ಕು ದಿನಕ್ಕೆ ಹತ್ತು ಕೊಡ ಸಾಕು. ಟೊಮೆಟೊ ಗಿಡಗಳಲ್ಲಿ ಗಟ್ಟಿಯಾದ ಮೂರನ್ನು ನೆರಳಲ್ಲಿ ಜೀವ ಹಿಡಿಸಿ, ಉಳಿದವನ್ನು ಬೀಳ್ಕೊಡಿ. ಜೂನ್ ಮೊದಲ ವಾರದ ಮಿರಗ ಹುಯ್ದು ಹವೆ ತಣಿದ ಮೇಲೆ ಹೊಸ ಸಸಿ ಹಚ್ಚಬಹುದು. ತೋಟ ಬಿಡಬೇಕಿಲ್ಲ ತಂಗಿ, ಇರುವ ನೀರಿನಷ್ಟಕ್ಕೆ ಅದನ್ನು ಮಡಚಿಕೊಳ್ಳಬೇಕು, ಅಷ್ಟೇ.

ಕೊನೆಯದಾಗಿ ಒಂದು ಮನೆಯ ಮಾತು. ಒಂದೇ ಗಿಡಕ್ಕೆ ಇಬ್ಬರು ಗುಟ್ಟಾಗಿ ನೀರು ಹಾಕುವುದು ಪ್ರೀತಿಯೇ ಇರಬಹುದು, ಬೇರಿಗೆ ಮಾತ್ರ ಅದು ತಿಳಿಯದು. ಎರಡು ಸಂಸಾರಕ್ಕೆ ಇಬ್ಬರು ಯಜಮಾನಿಯರಾಗಿ. ಕೆಳಗಿನ ಮಡಿ ಅತ್ತೆಯವರಿಗಿರಲಿ. ನಾಲ್ಕನೆಯ ದಿನ ಅವರ ಕೈಗೆ ಖುರ್ಪಿ ಕೊಟ್ಟು, "ಇವತ್ತು ನೀರು ಬೇಕೇನ್ರಿ ಅತ್ತಿ?" ಎಂದು ಕೇಳಿ. ಹಿಡಿಮಣ್ಣು ಒತ್ತಿ ನೋಡಿ ಅವರು ಹೂಂ ಎಂದರೆ ಪೈಪು ಬಿಡಿ, ಊಹೂಂ ಎಂದರೆ ನಲ್ಲಿ ಮುಟ್ಟಬೇಡಿ. ಮಾಳಿಗೆಯ ಕುಂಡಗಳು ನಿಮ್ಮವು; ಮೆಟ್ಟಿಲು ಹತ್ತುವ ಕಾಲು ನಿಮ್ಮದು. ಹದಿನೈದು ದಿನ ಹೀಗೆ ನಡೆಸಿ, ಆರು ಇಂಚಿನ ಮಣ್ಣು ಏನು ಹೇಳಿತು ಎಂದು ನನಗೆ ಬರೆಯಿರಿ.